ಫೋಕಸ್ ತಿರುಗಿಸಿದರೆ ಚಿತ್ರ ಸುತ್ತುತ್ತಿತ್ತು: ಕಾರಣ ಸಿಕ್ಕಿದೆ

ಅನಾಮಾರ್ಫಿಕ್ ಜೋಡಣೆಯಲ್ಲಿ (ಚಿತ್ರವನ್ನು ಅಡ್ಡಕ್ಕೆ ಹಿಂಡಿ ಸೆರೆಹಿಡಿದು, ಆಮೇಲೆ ಹಿಗ್ಗಿಸಿ ನೋಡುವ ಲೆನ್ಸ್ ವ್ಯವಸ್ಥೆ) ಫೋಕಸ್ ರಿಂಗ್ ತಿರುಗಿಸಿದಾಗಲೆಲ್ಲ ಚಿತ್ರವೂ ಜೊತೆಗೇ ಸುತ್ತು ಹಾಕುವ ಕಾಟ ಕೊನೆಗೂ ತೊಲಗಿದೆ! ದೋಷ ಗಾಜನ್ನು ಹಿಂದೆ ಮುಂದೆ ಸರಿಸುವ ತಿರುಪಿನ ನಳಿಕೆಯಾದ ಹೆಲಿಕಾಯ್ಡ್‌ನಲ್ಲಿ ಇರಲಿಲ್ಲ, ಲೆನ್ಸ್‌ಗಳನ್ನು ಬಿಗಿದು ಹಿಡಿಯುವ ಕ್ಲಾಂಪ್‌ನಲ್ಲೂ ಇರಲಿಲ್ಲ. ಗಾಜಿನಲ್ಲೇ ಇತ್ತು.

ಜೋಡಣೆ ಇದು: ಕ್ಯಾಮೆರಾಕ್ಕೆ ಹೀಲಿಯೋಸ್ 44-2 ಲೆನ್ಸ್, ಅದರ ಮುಂದೆ ಚಿತ್ರವನ್ನು ಎರಡು ಪಟ್ಟು ಹಿಂಡುವ ಹಳೆಯ ಪ್ರೊಜೆಕ್ಟರ್ ಲೆನ್ಸ್ ಸಾಂಕೋರ್ 16-ಸಿ. ಸಿರುಯ್ ಕಂಪನಿ 2020ರಲ್ಲೇ ಕೈಗೆಟುಕುವ ಬೆಲೆಗೆ 1.33 ಪಟ್ಟು ಹಿಂಡುವ 50 ಎಂಎಂ ಲೆನ್ಸ್ ತಂದಿರುವಾಗ ಹಳೆಯ ಪ್ರೊಜೆಕ್ಟರ್ ಗಾಜಿನ ಹಿಂದೆ ಏಕೆ ಬೀಳಬೇಕು ಎಂದು ಗೆಳೆಯರು ಕೇಳುತ್ತಾರೆ. ನನಗೆ ಬೇಕಿರುವುದು ಎರಡು ಪಟ್ಟು. ದೂರದ ದೀಪಗಳು ನಿಜವಾಗಿ ಮೊಟ್ಟೆಯಾಕಾರಕ್ಕೆ ಬರುವುದು ಅಲ್ಲಿಯೇ. ಆದರೆ ಎರಡು ಲೆನ್ಸ್‌ಗಳ ಎರಡೆರಡು ಫೋಕಸ್ ಒಟ್ಟಿಗೆ ತಿರುಗಿಸಿಕೊಂಡು ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ಕೋಲಾಟ ಚಿತ್ರಿಸಲು ಆಗುವುದಿಲ್ಲ. ಊರಿನ ಕುಣಿತದ ಬಯಲಾದ ಮಂದ್‌ನಲ್ಲಿ ಕುಣಿಯುವವರು ಸುತ್ತುತ್ತಾ ಹತ್ತಿರ ಬರುತ್ತಾರೆ, ಮರುಗಳಿಗೆಯಲ್ಲಿ ದೂರವಾಗುತ್ತಾರೆ.

ಹಾಗಾಗಿ ಎರಡೂ ಲೆನ್ಸ್‌ಗಳನ್ನು ಇನ್ಫಿನಿಟಿಗೆ (ಅತಿ ದೂರದ ಫೋಕಸ್‌ಗೆ) ಬಿಗಿದು, ಮುಂದೆ ಒಂದು ಪ್ಲಸ್, ಒಂದು ಮೈನಸ್ ಗಾಜು ಇಟ್ಟು, ಅವುಗಳ ನಡುವಿನ ಅಂತರ ಬದಲಿಸುವ ದಾರಿ ಹಿಡಿದೆ. ಕನ್ನಡಕದ ಗಾಜುಗಳೇ ಸಾಕು. ಅವು ಒಂದರೊಳಗೊಂದು ಕೂರುವುದಿಲ್ಲ, ಅಂತರ ಸೊನ್ನೆಗೆ ಇಳಿಯುವುದಿಲ್ಲ; ಸಮ ಪವರಿನ ಜೋಡಿಯಾದರೆ ಇನ್ಫಿನಿಟಿ ಸಿಗುವುದು ಸೊನ್ನೆಯಲ್ಲಿ ಮಾತ್ರ. ಅದಕ್ಕೇ +5ಕ್ಕೆ ಜೋಡಿಯಾಗಿ −5.25 ತೆಗೆದುಕೊಂಡೆ. ಲೆಕ್ಕದ ಪ್ರಕಾರ 9.5 ಮಿಲಿಮೀಟರ್ ಅಂತರದಲ್ಲಿ ಇನ್ಫಿನಿಟಿ ಸಿಗುತ್ತದೆ, ಅಲ್ಲಿಂದ ಇನ್ನು ಸುಮಾರು 19 ಮಿಲಿಮೀಟರ್ ಸರಿಸಿದರೆ ಎರಡು ಮೀಟರ್. ಕನ್ನಡಕದ ಪವರ್ ಕಾಲು ಕಾಲು ಹೆಚ್ಚುವುದು ಇಷ್ಟು ಉಪಕಾರಕ್ಕೆ ಬರುತ್ತದೆಂದು ಯಾರು ಎಣಿಸಿದ್ದರು!

ಗಾಜುಗಳನ್ನು ಬೆಂಗಳೂರಿನ ಮಾರಾಟಗಾರರೊಬ್ಬರಿಂದ ತರಿಸಿದ್ದೆ. ಸಿಆರ್-39 ಎಂಬ ಸಾಮಾನ್ಯ ಕನ್ನಡಕದ ಪ್ಲಾಸ್ಟಿಕ್ ಬೇಕು ಎಂದರೆ ‘ಪಾಲಿಕಾರ್ಬೊನೇಟ್ ಒಡೆಯುವುದಿಲ್ಲ ಸರ್, ಅದನ್ನೇ ತೆಗೆದುಕೊಳ್ಳಿ’ ಎಂಬ ಒಂದೇ ರಾಗ. ಒಡೆಯದಿದ್ದರೇನು ಬಂತು? ಅದರ ಆಬೆ ಸಂಖ್ಯೆ (ಇದು ಕಡಿಮೆಯಾದಷ್ಟೂ ಬಣ್ಣಗಳು ಹೆಚ್ಚು ಚದುರುತ್ತವೆ) 30ರ ಆಸುಪಾಸು, ಸಿಆರ್-39ರದು 58; ಬಣ್ಣದ ಅಂಚು ಕಾಣಿಸಿಕೊಂಡರೆ ಅನುಭವಿಸುವವರು ನಾವು. ‘ಪಕ್ಕಾ ಸೆಂಟರ್ ಮಾಡಿ ಕತ್ತರಿಸಿದ್ದೇವೆ’ ಎಂಬ ಮಾತಿನೊಂದಿಗೆ ಗಾಜು ಬಂತು.

ಕಾಫಿ ಕಣದಲ್ಲಿ ಟ್ರೈಪಾಡ್ ನೆಟ್ಟು, ತೋಟದಂಚಿನ ಸಿಲ್ವರ್ ಓಕ್ ಮರಕ್ಕೆ ಗುರಿಯಿಟ್ಟೆ. ರಿಂಗ್ ತಿರುಗಿಸಿದರೆ ಮರ ಮೇಲೇರುತ್ತದೆ, ಪಕ್ಕಕ್ಕೆ ಸರಿಯುತ್ತದೆ, ಕೆಳಗಿಳಿಯುತ್ತದೆ. ಕ್ಲಾಂಪ್ ಸಡಿಲವಾಗಿದೆ ಎಂಬುದು ಎಲ್ಲರ ತೀರ್ಪು. ಆದರೆ ಕ್ಲಾಂಪ್ ಸಡಿಲವಾಗಿ ಸಾಂಕೋರ್ ತಿರುಗಿದ್ದರೆ ಕಾಂಡ ವಾಲಬೇಕಿತ್ತು. ಕಾಂಡ ನೆಟ್ಟಗೇ ಇತ್ತು, ಹಬ್ಬಿದ ಮೆಣಸಿನ ಬಳ್ಳಿಯ ಸಮೇತ ಇಡಿಯಾಗಿ ತೇಲುತ್ತಿತ್ತು. ಇನ್ನೊಂದು ಸುಳಿವು ಮಾನಿಟರ್‌ನಲ್ಲೇ ಇತ್ತು. ಹಿಗ್ಗಿಸದ ಚಿತ್ರದಲ್ಲಿ ಮರ ಸಾಗಿದ ಹಾದಿ ವೃತ್ತವಲ್ಲ, ನಿಂತ ಅಂಡಾಕಾರ. ಅಡ್ಡ ಚಲನೆ ನೇರ ಚಲನೆಯ ಅರ್ಧದಷ್ಟೇ. ಅಂದರೆ ಚಲನೆಯೂ ಹಿಂಡಿಸಿಕೊಂಡು ಬಂದಿದೆ. ಹಾಗಾದರೆ ದೋಷ ಸಾಂಕೋರ್‌ಗಿಂತ ಮುಂದೆಯೇ ಇರಬೇಕು!

ಗಾಜುಗಳನ್ನು ಬಿಚ್ಚಿಕೊಂಡು ಮಡಿಕೇರಿಯ ಕನ್ನಡಕದ ಅಂಗಡಿಗೆ ಹೋದೆ. ಅಲ್ಲಿನ ಹಿರಿಯರು ಪ್ಲಸ್ ಗಾಜನ್ನು ಗಾಜಿನ ಪವರ್ ಅಳೆಯುವ ಲೆನ್ಸೋಮೀಟರ್‌ಗೆ ಇಟ್ಟು ಮೂರು ಶಾಯಿ ಚುಕ್ಕೆ ಒತ್ತಿದರು. ನಡುವಿನ ಚುಕ್ಕೆ, ಅಂದರೆ ಬೆಳಕು ಬಾಗದೆ ಸಾಗುವ ಕೇಂದ್ರ, ಅಂಚಿನಿಂದ ಅಳೆದ ಮಧ್ಯಕ್ಕಿಂತ ಎರಡು ಮಿಲಿಮೀಟರ್ ಆಚೆ! ಐದು ಪವರಿನ ಗಾಜು ಅಷ್ಟು ಜರುಗಿದರೆ ಒಂದು ಪ್ರಿಸಂ ಡಯಾಪ್ಟರ್, ಅಂದರೆ ಹತ್ತು ಮೀಟರ್ ದೂರದಲ್ಲಿ ಹತ್ತು ಸೆಂಟಿಮೀಟರ್ ಪಲ್ಲಟ. ಗಾಜು ತಿರುಗಿದಂತೆ ಆ ಪಲ್ಲಟವೂ ತಿರುಗುತ್ತಿತ್ತು. ಮಾರಾಟಗಾರರು ಕತ್ತರಿಸಿದ ಗಾಜನ್ನು ವಾಪಸು ಪಡೆಯುವುದಿಲ್ಲವಂತೆ. ‘ಪಕ್ಕಾ ಸೆಂಟರ್’ ಎಂಬುದಕ್ಕೆ ಇನ್ನು ಮುಂದೆ ಚುಕ್ಕೆ ತೋರಿಸಿದರೆ ಮಾತ್ರ ಹಣ.

ಅದೇ ಹಿರಿಯರು ಹೊಸ ಜೋಡಿ ತರಿಸಿ, ಚುಕ್ಕೆಯ ಮೇಲೇ ಕತ್ತರಿಸುವಾಗ ಗಾಜನ್ನು ಹಿಡಿದಿಡುವ ಬ್ಲಾಕ್ ಅಂಟಿಸಿ ದುಂಡಗೆ ಕತ್ತರಿಸಿಕೊಟ್ಟರು. ಈಗ ರಿಂಗ್ ಕೊನೆಮುಟ್ಟ ತಿರುಗಿಸಿದರೂ ಸಿಲ್ವರ್ ಓಕ್ ಇದ್ದಲ್ಲೇ ಇದೆ.

ಈ ಸಡಗರದಲ್ಲಿ ಮುಂದಿನ ಕೆಲಸವೂ ತಲೆಗೆ ಹೊಕ್ಕಿದೆ: ಕಾಫಿ ಹೂವು. ಹೂಮಳೆ ಬಿದ್ದು ತೋಟ ಬೆಳ್ಳಗಾಗುವುದು ಕೆಲವೇ ದಿನ. ಅಷ್ಟರೊಳಗೆ ಬಣ್ಣದ ಅಂಚು ತಗ್ಗಿಸುವ +2 ಅಕ್ರೊಮ್ಯಾಟ್ ಗಾಜೊಂದನ್ನು ಮುಂದೆ ಸಿಕ್ಕಿಸುವ ರಿಂಗ್ ತಯಾರಾಗಬೇಕು. ಅರ್ಧ ಮೀಟರ್ ಹತ್ತಿರದಿಂದ ಒಂದು ರೆಂಬೆ ಪೂರ್ತಿ ಅಗಲಕ್ಕೆ ತುಂಬಬೇಕು.

ಅದಕ್ಕೂ ಮೊದಲು ತೇವಕ್ಕೊಂದು ದಾರಿ ಹುಡುಕಬೇಕು. ಮುಂದಿನ ಗಾಜು ಹೊರಬಂದಾಗಲೆಲ್ಲ ಒಳಗೆ ಗಾಳಿ ಎಳೆದುಕೊಳ್ಳುತ್ತದೆ, ನಮ್ಮ ಮಳೆಗಾಲದ ಗಾಳಿ ಎಂದರೆ ಫಂಗಸ್. ನಳಿಕೆಯ ಪಕ್ಕದಲ್ಲಿ ಸಣ್ಣ ರಂಧ್ರ ಕೊರೆದು, ಸಿಲಿಕಾ ಜೆಲ್ ತುಂಬಿದ ಡಬ್ಬಿಯ ಮೂಲಕವೇ ಗಾಳಿಯಾಡುವಂತೆ ಮಾಡುತ್ತಿದ್ದೇನೆ. ಹೀಗೆ ಮಾಡಿ ನೋಡಿದವರಿದ್ದರೆ ರಂಧ್ರದ ಅಳತೆ ತಿಳಿಸಿ.