ಯೂಂಗರ್ ಓದುವ ಮೊದಲು ಅನುವಾದಕ ಯಾರು ನೋಡ್ರಿ

ಮೊದಲ ಮಹಾಯುದ್ಧದಾಗ ತುರ್ಕಿ ಸೈನಿಕರನ್ನು ಸೆರೆ ಇಟ್ಟಿದ್ದ ಊರು ನಮ್ಮ ಬಳ್ಳಾರಿ. ಆ ಯುದ್ಧದ ಬೆನ್ನುಹತ್ತಿದವರಿಗೆ ಜರ್ಮನ್ ಸೈನಿಕ, ಲೇಖಕ ಅರ್ನ್ಸ್ಟ್ ಯೂಂಗರ್ ಎದುರಾಗದೆ ಇರಲ್ಲ. ಹುಟ್ಟಿದ್ದು 1895, ಹೈಡೆಲ್‌ಬರ್ಗ್, ಸತ್ತದ್ದು 1998. ಮೈಮೇಲಿನ ಗಾಯಕ್ಕೂ ಲೆಕ್ಕ ಬರೆದಿಟ್ಟ ಆಸಾಮಿ: 5 ಗುಂಡು, 2 ಶೆಲ್ ಚೂರು, 1 ಶ್ರಾಪ್ನೆಲ್ ಗೋಲಿ, 4 ಕೈಬಾಂಬಿನ ಚೂರು, 2 ಗುಂಡಿನ ಚೂರು. ಒಟ್ಟು 14.

ಓದುಗರು ಎಡವೋದು ಆವೃತ್ತಿಯಲ್ಲಿ. ಅವನ ಯುದ್ಧದ ನೆನಪಿನ ಪುಸ್ತಕ ‘ಇನ್ ಷ್ಟಾಲ್‌ಗೆವಿಟರ್ನ್’ (ಇಂಗ್ಲಿಷಿನಲ್ಲಿ ‘ಸ್ಟಾರ್ಮ್ ಆಫ್ ಸ್ಟೀಲ್’) 1920ರಲ್ಲಿ ಬಂತು, ಆಮೇಲೆ ತಾನೇ ಮತ್ತೆ ಮತ್ತೆ ತಿದ್ದಿದ. 1924ರದ್ದರಲ್ಲಿ ರಾಷ್ಟ್ರವಾದದ ಖಾರ ಜಾಸ್ತಿ. 1934ರಲ್ಲಿ ಅದನ್ನು ತೆಗೆದ. ಇಂಗ್ಲಿಷಿನಲ್ಲಿ ಕ್ರೈಟನ್ ಅನುವಾದ ಆ 1924ರ ಖಾರದ್ದು, ಹಾಫ್‌ಮನ್ನರದ್ದು 1961ರ ಆವೃತ್ತಿಯಿಂದ ಬಂದದ್ದು. ಹಾಫ್‌ಮನ್ ಒಂದನ್ನೇ ಓದಿ ‘ಇವನೆಲ್ಲಿ ರಾಷ್ಟ್ರವಾದಿ?’ ಅನ್ನೋರು ಬಹಳ. ಮರುಮುದ್ರಣದ ವರ್ಷ ನಂಬಬೇಡ್ರಿ, ಅನುವಾದಕರ ಹೆಸರು ನೋಡ್ರಿ. ಜತೆಗೆ ‘ಸ್ಟಾಂಡಾರ್ಟೆ’, ‘ಅರ್ಮಿನಿಯುಸ್’ ಎಂಬ ರಾಷ್ಟ್ರವಾದಿ ಪತ್ರಿಕೆಗಳಲ್ಲಿ ಅವನು ಬರೆದ ಲೇಖನಗಳನ್ನೂ ಇಟ್ಟುಕೊಳ್ರಿ. ಅಲ್ಲಿ ತಿದ್ದುಪಡಿ ಇಲ್ಲ.