142 ವ್ಯಾಟ್ ಬೇಕಾ, 88 ಸಾಕಾ? ರಾಯಚೂರು ಬೇಸಿಗೆಯ ಬೆಂಚ್‌ಮಾರ್ಕ್

ಹೋದ ಸಲ ನನ್ನ ಪಿಸಿಯ ಸ್ಕೋರ್‌ಗಳ ಪಟ್ಟಿ ಹಾಕಿದಾಗ ಒಂದು ವಿಷಯ ಬಗೆಹರಿಯದೆ ಉಳಿದಿತ್ತು. ಅದೇ ಪಿಸಿ, ಅದೇ ಸೆಟ್ಟಿಂಗ್, ಆದರೂ ಪ್ರೊಸೆಸರ್ ವೇಗ ಅಳೆಯುವ ಸಿನಿಬೆಂಚ್ ಆರ್23 ಟೆಸ್ಟ್‌ನ ಸ್ಕೋರ್ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ಈ ವಾರ ಅದರ ಬೆನ್ನು ಹತ್ತಿದೆ.

ಪ್ರೊಸೆಸರ್ ರೈಜನ್ 7 7700ಎಕ್ಸ್. ಇದರ ಟಿಡಿಪಿ, ಅಂದರೆ ಕೂಲರ್ ಆರಿಸಲು ಕಂಪನಿ ಕೊಡುವ ಬಿಸಿಯ ಅಂಕಿ, 105 ವ್ಯಾಟ್. ಆದರೆ ನಿಜಕ್ಕೂ ಎಳೆಯಬಹುದಾದ ಮಿತಿ, ಅಂದರೆ ಪಿಪಿಟಿ, 142 ವ್ಯಾಟ್. ಬಯೋಸ್‌ನಲ್ಲಿ (ಪಿಸಿ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪರದೆ) ಕರೆಂಟ್ ಉಳಿಸುವ ಇಕೋ ಮೋಡ್ 65 ಆರಿಸಿದರೆ ಪಿಪಿಟಿ 88. ಟಿಡಿಪಿಯನ್ನು 1.35ರಿಂದ ಗುಣಿಸಿ, ಲೆಕ್ಕ ಅಷ್ಟೇ. 65 ಅಂತ ಆರಿಸಿ ಸ್ಕ್ರೀನ್ ಮೇಲೆ 88 ಕಂಡರೆ ಗಾಬರಿ ಬೇಡ.

ನನ್ನ ರೂಮು ಮನೆಯ ಮೇಲಿನ ಅಂತಸ್ತಿನಲ್ಲಿದೆ. ಕೇಸಿನ ಮುಂದಿನ ಜಾಲರಿಗೆ ಒಂದು ಥರ್ಮಾಮೀಟರ್ ಕಟ್ಟಿದೆ. ಮಧ್ಯಾಹ್ನ ಅದು 40ರ ಆಸುಪಾಸು ತೋರಿಸುತ್ತದೆ, ನಸುಕಿನಲ್ಲಿ 30. (ಜಾಲರಿಗೆ ಹತ್ತಿ ಎಳೆ ಮೆತ್ತಿಕೊಂಡಿರುತ್ತದೆ. ಹತ್ತಿ ಮಾರ್ಕೆಟ್ ಊರಲ್ಲಿದ್ದರೆ ಇದು ತಪ್ಪಿದ್ದಲ್ಲ. ಟೆಸ್ಟ್‌ಗೆ ಮುಂಚೆ ಬ್ರಷ್ ಹೊಡೆಯಲೇಬೇಕು.) ಏರ್ ಕೂಲರ್ ಬಂದ್ ಮಾಡಿಯೇ ಅಳೆದೆ. ಅದರ ನೀರು ಖಾಲಿಯಾದಂತೆ ರೂಮಿನ ಬಿಸಿ ಬದಲಾಗುತ್ತದೆ, ಒಂದು ರನ್‌ಗೂ ಇನ್ನೊಂದಕ್ಕೂ ಹೋಲಿಕೆಯೇ ಇರಲ್ಲ.

ಚಿಪ್‌ನ ಬಿಸಿ, ವ್ಯಾಟ್ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್ ತೆರೆದಿಟ್ಟು 10 ನಿಮಿಷದ ರನ್ ನೋಡುತ್ತಾ ಕೂತೆ. ಮಧ್ಯಾಹ್ನ ವ್ಯಾಟ್ 142ರ ತನಕ ಹೋಗುವುದೇ ಇಲ್ಲ. ಅದಕ್ಕೂ ಮೊದಲೇ ಚಿಪ್ 95 ಡಿಗ್ರಿ ಮುಟ್ಟಿ ತಾನೇ ವೇಗ ಇಳಿಸಿಕೊಳ್ಳುತ್ತದೆ. ಇದರಿಂದ ಚಿಪ್ ಕೆಡುವುದಿಲ್ಲ, ಎಎಂಡಿ ಅದನ್ನು ಮಾಡಿರುವುದೇ ಹಾಗೆ. ಆದರೆ ಆ ಸ್ಕೋರನ್ನು ತೀರ್ಮಾನಿಸುವುದು ಬಿಸಿಲು.

88ಕ್ಕೆ ಇಳಿಸಿದ ಮೇಲೆ ಆ ಏರುಪೇರು ನಿಂತಿತು. ಈಗ ಮೊದಲು ತುಂಬುವುದು ವ್ಯಾಟ್ ಮಿತಿ, 95 ಡಿಗ್ರಿ ಇನ್ನೂ ದೂರವೇ ಇರುತ್ತದೆ. ನಸುಕಿನಲ್ಲೂ ಮಧ್ಯಾಹ್ನವೂ ಸ್ಕೋರ್ ಹೆಚ್ಚುಕಮ್ಮಿ ಒಂದೇ. ನಸುಕಿನ 142ರ ಸ್ಕೋರಿಗೆ ಹೋಲಿಸಿದರೆ ನೂರಕ್ಕೆ 5-6 ಹೋಯಿತು. ಮಧ್ಯಾಹ್ನದ್ದಕ್ಕೆ ಹೋಲಿಸಿದರೆ ಅದೂ ಇಲ್ಲ.

ಇಷ್ಟು ಕಡಿಮೆ ನಷ್ಟ ಯಾಕೆ? ಕೊನೆಯ ಕೆಲವು ನೂರು ಮೆಗಾಹರ್ಟ್ಸ್ ಬಹಳ ದುಬಾರಿ, ಹೊಟ್ಟೆ ತುಂಬಿದ ಮೇಲೆ ಬಡಿಸುವ ಹೋಳಿಗೆ ಹಾಗೆ. ಅಲ್ಲಿ ಚೂರು ವೇಗಕ್ಕೂ ವೋಲ್ಟೇಜ್ ಏರಿಸಬೇಕು, ಕರೆಂಟ್ ಖರ್ಚು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೋಲ್ಟೇಜ್ ನೂರಕ್ಕೆ 10 ಏರಿದರೆ, ವೇಗ ಅಷ್ಟೇ ಇದ್ದರೂ ಖರ್ಚು ನೂರಕ್ಕೆ 21 ಏರುತ್ತದೆ.

ಸಿಂಗಲ್ ಕೋರ್ ಟೆಸ್ಟ್‌ನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಒಂದೇ ಕೋರ್ ದುಡಿದರೆ 88 ವ್ಯಾಟ್ ತುಂಬುವುದೇ ಇಲ್ಲ, ಅಲ್ವಾ? ವಿಂಡೋಸ್‌ನ ಬ್ಯಾಲೆನ್ಸ್ಡ್, ಹೈ ಪರ್ಫಾರ್ಮೆನ್ಸ್ ಪ್ಲಾನ್‌ಗಳನ್ನೂ ಬದಲಿಸಿ ನೋಡಿದೆ. ಪೂರ್ತಿ ಲೋಡ್‌ನಲ್ಲಿ ಎರಡೂ ಒಂದೇ. ಅದರ ಬಗ್ಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಇಕೋ 45 ಅಂತ ಪಿಪಿಟಿ 61ಕ್ಕೂ ಇಳಿಸಿದೆ. ನೂರಕ್ಕೆ 15ರ ಹತ್ತಿರ ಹೋಯಿತು. ಮದುವೆ ವಿಡಿಯೋಗಳನ್ನು ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರ್‌ನಲ್ಲಿ ಎಕ್ಸ್265ಗೆ ಹಾಕಿ ಫೈಲ್ ಚಿಕ್ಕದು ಮಾಡುವ (ಅದೇ ಎನ್‌ಕೋಡ್) ನನಗೆ ಅದು ಜಾಸ್ತಿಯೇ ಆಯಿತು.

ಬಿಲ್ಲಿನಲ್ಲಿ ಉಳಿತಾಯ ದೊಡ್ಡದೇನಲ್ಲ. 142ಕ್ಕೂ 88ಕ್ಕೂ ಅಂತರ 54 ವ್ಯಾಟ್, 10 ಗಂಟೆ ಎನ್‌ಕೋಡ್ ಮಾಡಿದರೆ ಅರ್ಧ ಯೂನಿಟ್ ಚಿಲ್ಲರೆ. ನನಗೆ ಮುಖ್ಯ ಆಗಿದ್ದು ಬೇರೆ. ಆ 54 ವ್ಯಾಟ್ ಪೂರ್ತಿ ಬಿಸಿಯಾಗಿ ಈ ರೂಮಿಗೇ ಬರುತ್ತಿತ್ತು. ಜೊತೆಗೆ ಎನ್‌ಕೋಡ್ ನಡುವೆ ಕರೆಂಟ್ ಹೋದರೆ ನನ್ನ 600 ವಿಎ ಯುಪಿಎಸ್ ಈಗ ಇನ್ನೂ ಸ್ವಲ್ಪ ಹೊತ್ತು ತಡೆಯುತ್ತದೆ.

ಸದ್ಯಕ್ಕೆ 88ರಲ್ಲೇ ಬಿಟ್ಟಿದ್ದೇನೆ. ಮುಂದಿನದು ಕರ್ವ್ ಆಪ್ಟಿಮೈಜರ್, ಬಯೋಸ್‌ನ ಇನ್ನೊಂದು ಸೆಟ್ಟಿಂಗ್. ಅದೇ 88 ವ್ಯಾಟ್‌ನಲ್ಲಿ ವೋಲ್ಟೇಜ್ ಮೈನಸ್ ಮಾಡಿ, ಹೋದ ಆ 5-6ರಲ್ಲಿ ಎಷ್ಟು ವಾಪಸ್ ಬರುತ್ತದೆ ನೋಡಬೇಕು. ಅದರ ತೊಂದರೆ ಏನಂದರೆ, ಸಿನಿಬೆಂಚ್ ಸಲೀಸಾಗಿ ಪಾಸಾದ ಪಿಸಿ ಸುಮ್ನೆ ಖಾಲಿ ಇದ್ದಾಗ ರೀಸ್ಟಾರ್ಟ್ ಆಗಿಬಿಡಬಹುದು. ಹಾಗಾಗಿ ಮದುವೆ ಸೀಸನ್ ಆರ್ಡರ್ ಮುಗಿಯುವ ತನಕ ಅದಕ್ಕೆ ಕೈ ಹಾಕಲ್ಲ.