ಪೆನ್ನಿಗೆ ಎಷ್ಟು ಉದ್ದದ ರಾಡ್ ಬೇಕು?

ಲೇತಿನಲ್ಲಿ ಶಾಯಿಪೆನ್ನು ಮಾಡಲು ಹೊರಟವರು ಮೊದಲು ಕೇಳುವುದು ಇದನ್ನೇ. ನಂಬರ್ 6 ಅಳತೆಯ ನಿಬ್ಬಿನ, ಕನ್ವರ್ಟರ್ (ಶಾಯಿ ಎಳೆದು ತುಂಬಿಕೊಳ್ಳುವ ಸಣ್ಣ ಕೊಳವೆ) ಹಾಕುವ ಎಬೊನೈಟ್ (ಗಟ್ಟಿ ರಬ್ಬರ್) ಪೆನ್ನಿಗೆ 200 ಮಿ.ಮೀ. ತರಿಸಿ. ಕಡಿಮೆ ಬೆಲೆಗೆ ಸಿಕ್ಕಿತೆಂದು 150ರ ತುಂಡು ತಂದರೆ ಕ್ಯಾಪು, ಬ್ಯಾರೆಲ್ಲಿಗೇ ಮುಗಿಯುತ್ತದೆ. ಬೆರಳು ಹಿಡಿಯುವ ಸೆಕ್ಷನ್ನಿಗೆ ಏನೂ ಉಳಿಯುವುದಿಲ್ಲ.

ಹೊರಗಿನ ಅಂದ ನೋಡಿ ಉದ್ದ ನಿರ್ಧರಿಸಬೇಡಿ, ಒಳಗೆ ಕೂರುವ ಸಾಮಾನು ಅಳೆಯಿರಿ. ಕ್ಯಾಪಿನೊಳಗೆ ಸೆಕ್ಷನ್ 20, ಹೊರಗೆ ಕಾಣುವ ನಿಬ್ಬು 23, ಬ್ಯಾರೆಲ್ಲಿನ ಥ್ರೆಡ್ 9, ನಿಬ್ಬಿನ ತುದಿ ತಾಗದಿರಲು 2, ಒಟ್ಟು 54. ತಲೆಯ ದಪ್ಪ 8 ಸೇರಿಸಿದರೆ ಕ್ಯಾಪು 62. ಸೆಕ್ಷನ್ ತುಂಡು, ಬ್ಯಾರೆಲ್ಲಿಗೆ ತಿರುಗಿಸುವ 10 ಸೇರಿ, 30.

ಹೆಚ್ಚಿನವರು ಎಡವುವುದು ಬ್ಯಾರೆಲ್ಲಿನಲ್ಲಿ. ನಿಬ್ಬನ್ನು ಹಿಡಿದಿರುವ ಯೂನಿಟ್ಟಿಗೆ ಕನ್ವರ್ಟರ್ ಸಿಕ್ಕಿಸಿ, ಯೂನಿಟ್ಟಿನ ಕಾಲರಿನಿಂದ (ಸೆಕ್ಷನ್ನಿನ ಬಾಯಿಗೆ ಕೂರುವ ಅಂಚು) ಕನ್ವರ್ಟರಿನ ತುದಿಯವರೆಗೆ ಅಳೆದು, ಸೆಕ್ಷನ್ನಿನ 20 ಕಳೆಯಿರಿ. 65ರ ಆಸುಪಾಸು ಬಂದರೆ ತೂತು 68 ಆಳ ಬೇಕು. ಈ 68 ಡ್ರಿಲ್ ಬಿಟ್ಟಿನ ಚೂಪಿನ ಅಳತೆಯಲ್ಲ! 118 ಡಿಗ್ರಿಯ 9 ಮಿ.ಮೀ. ಬಿಟ್ಟಿನ ಮೂತಿಯೇ 2.7 ಮಿ.ಮೀ. ಇರುತ್ತದೆ. ಚೂಪು 68ಕ್ಕೆ ಮುಟ್ಟಿದಾಗ ಪೂರ್ತಿ ಅಗಲದ ತೂತು 65.3ಕ್ಕೇ ನಿಂತಿರುತ್ತದೆ. ಕನ್ವರ್ಟರಿನ ಬುಡ ಅಲ್ಲಿ ತಾಗಿದರೆ ಸೆಕ್ಷನ್ ಕೊನೆಯ ಸುತ್ತು ತಿರುಗದು, ನಡುವೆ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಆದ್ದರಿಂದ ಚೂಪಿನ ಲೆಕ್ಕದಲ್ಲಿ 70.7 ಕೊರೆದು, ಬ್ಯಾರೆಲ್ 80 ಇಟ್ಟುಕೊಳ್ಳಿ. ಹಿಂತುದಿಯನ್ನು ಚೂಪಾಗಿ ಇಳಿಸುವ ಆಸೆಯಿದ್ದರೆ 85. ಆಗ ರಾಡೂ 5 ಹೆಚ್ಚು.

62, 80, 30 ಸೇರಿ 172. ಎರಡು ಕಡಿತಕ್ಕೆ 6, ಆರು ಮುಖ ಸಪಾಟು ಮಾಡಲು 6, ಗಿಡ್ಡ ಸೆಕ್ಷನ್ ತುಂಡನ್ನು ಲೇತಿನ ಚಕ್ಕಿನಲ್ಲಿ (ತುಂಡು ಬಿಗಿಹಿಡಿಯುವ ಭಾಗ) ಹಿಡಿಯಲು 10. ಅಲ್ಲಿಗೆ 194.

ಕನ್ವರ್ಟರ್ ಬೇಡ, ಬ್ಯಾರೆಲ್ಲಿಗೇ ಶಾಯಿ ಎನ್ನುವವರಿಗೆ ಇಷ್ಟುದ್ದ ಬೇಕಿಲ್ಲ. 9 ಮಿ.ಮೀ. ತೂತಿನಲ್ಲಿ ಪ್ರತಿ 10 ಮಿ.ಮೀ. ಆಳಕ್ಕೆ 0.64 ಮಿ.ಲೀ. ಹಿಡಿಯುತ್ತದೆ.

ಬಣ್ಣದ ಅಲೆಗಳಿರುವ ಎಬೊನೈಟಿನಲ್ಲಿ ಇನ್ನೊಂದು ತೊಡಕಿದೆ. ಕಡಿತ 3, ಸಪಾಟು 2, ಕ್ಯಾಪಿನಡಿ ಅಡಗುವ ಥ್ರೆಡ್ 9 ಸೇರಿ 14 ಮಿ.ಮೀ. ವಿನ್ಯಾಸ ಕಳೆದುಹೋಗುತ್ತದೆ, ಮುಚ್ಚಿದ ಪೆನ್ನಿನಲ್ಲಿ ಅಲೆ ತಟ್ಟನೆ ಮುರಿದಂತೆ ಕಾಣುತ್ತದೆ. ಥ್ರೆಡ್ ಭಾಗವನ್ನು ಕಪ್ಪು ಎಬೊನೈಟಿನ ಬೇರೆ ಬಳೆಯಾಗಿ ಮಾಡಿ ಅಂಟಿಸಿದರೆ ನಷ್ಟ 5ಕ್ಕೆ ಇಳಿಯುತ್ತದೆ, ಬ್ಯಾರೆಲ್ ತುಂಡೂ 71 ಸಾಕು. ಕೆಲಸ ಹೆಚ್ಚು, ಆದರೆ ಒಳ್ಳೆಯ ರಾಡಿಗೆ ಆ ಮರ್ಯಾದೆ ಸಲ್ಲಬೇಕು.

ಮರಕ್ಕಂತೂ ಆ ಬಳೆ ಬೇಕೇಬೇಕು, ಸಣ್ಣ ಥ್ರೆಡ್ ಮರದಲ್ಲಿ ಉದುರಿಹೋಗುತ್ತದೆ. ನಮ್ಮ ಕಾಸರಗೋಡಿನ ತೋಟಗಳಲ್ಲಿ ಹಲಸು, ತೆಂಗಿಗೆ ಬರವಿಲ್ಲ. ತೆಂಗಾದರೆ ಬುಡದ, ಹೊರಮೈ ಹತ್ತಿರದ ಕಪ್ಪು ಗೆರೆಯ ಗಟ್ಟಿ ಭಾಗವನ್ನೇ ಆರಿಸಿ, ನಡುವಿನದು ಮೆತ್ತಗೆ. ಕ್ಯಾಪು, ಬ್ಯಾರೆಲ್ಲಿಗೆ 140 ಸಾಕಾದರೂ 170 ಕತ್ತರಿಸಿ, ಎರಡೂ ತುದಿಗೆ ಮೇಣ ಬಳಿದು ಒಣಗಲು ಬಿಡಿ. ಮರ ಸೀಳುವುದು ತುದಿಯಿಂದ. ಆ 15-15 ಮಿ.ಮೀ. ಸೀಳಿಗೆಂದೇ ಬಿಟ್ಟದ್ದು. ಜೂನಿನ ಮಳೆಗೆ ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಹಿಗ್ಗುವುದು ಅಡ್ಡಕ್ಕೆ. ಅದಕ್ಕೆ ತೂತು ಕೊರೆದ ಮೇಲೆ ಹೊರಮೈ 1 ಮಿ.ಮೀ. ದಪ್ಪವೇ ಬಿಟ್ಟು, ಎರಡು ವಾರ ಕಳೆದು ಕೊನೆಯ ಅಳತೆಗೆ ತನ್ನಿ.

ಕತ್ತರಿಸುವ ಮೊದಲು ತುಂಡುಗಳ ಮೇಲೆಲ್ಲ ಒಂದೇ ದಿಕ್ಕಿಗೆ ಬಾಣ ಗೀಚಿರಿ, ಬ್ಯಾರೆಲ್ಲಿನ ಬಾಯಿ ಕ್ಯಾಪಿನ ಕಡೆಗೇ ಇರಲಿ.